ತಗಡಿನ ಮನೆಯ ತಿಂಗಳ ಖರ್ಚು

ಗಾಡಿ ತಾತ ಹನ್ನೆರಡು ವರ್ಷ ಒಂದು ಪೈಸೆ ಬಾಡಿಗೆ ಕೊಡದೆ ಎತ್ತಿನಗಾಡಿಯಲ್ಲೇ ಸಂಸಾರ ಮಾಡಿದರು ಎಂಬ ಕಥೆಯನ್ನು ನಾನು ಮೊದಲು ಕೇಳಿದ್ದು ಏಳನೆಯ ವಯಸ್ಸಿನಲ್ಲಿ. ಅದನ್ನು ಅನುಮಾನಿಸಿದ್ದೂ ಅದೇ ವಯಸ್ಸಿನಲ್ಲಿ. ಗಾಡಿ ತಾತ ಎಂದರೆ ನನ್ನ ತಾಯಿಯ ತಂದೆಯ ತಮ್ಮ. ಗುಬ್ಬಿ, ನಿಟ್ಟೂರು, ಕುಣಿಗಲ್ ಸಂತೆಗಳಲ್ಲಿ ಸೇರು, ಪಾವು, ತಕ್ಕಡಿ ಮಾರುತ್ತಿದ್ದವರು. ಉಳಿಸಿದ ಬಾಡಿಗೆಯ ದುಡ್ಡಿನಲ್ಲೇ ಅವರು ಗುಬ್ಬಿಯಲ್ಲಿ ಮನೆ ಕಟ್ಟಿದರೆಂದೂ, ನಾವು ಕುಳಿತು ಕಥೆ ಕೇಳುತ್ತಿದ್ದ ಜಗಲಿಯೇ ಅದಕ್ಕೆ ಸಾಕ್ಷಿಯೆಂದೂ ನನ್ನ ಸೋದರಮಾವ ಹೇಳುತ್ತಿದ್ದರು. ಮಳೆಗಾಲದಲ್ಲಿ ಎತ್ತುಗಳನ್ನು ಎಲ್ಲಿ ಕಟ್ಟುತ್ತಿದ್ದರು ಎಂದು ನಾನು ಕೇಳಿದೆ. ಮಾವ ನನ್ನ ತಾಯಿಯ ಕಡೆ ತಿರುಗಿ, "ನಿನ್ನ ಮಗಳು ಕಥೆ ಕೇಳಾಕಿಲ್ಲ ಕಣೇ, ಪೊಲೀಸ್ನೋರಂಗೆ ವಿಚಾರಣೆ ಮಾಡ್ತಾಳೆ" ಎಂದರು. ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಇಪ್ಪತ್ತು ವರ್ಷಗಳ ನಂತರ ಅದೇ ಕಥೆಯನ್ನು ನಂಬಿ ನನ್ನ ಯಜಮಾನರು ಮನೆ ಖಾಲಿ ಮಾಡಿಸಿದರು. ಬಾಡಿಗೆ ಕೊಡದೆ ಬದುಕಲು ಹೊರಟವರಿಗೆ ನಗೆಪಾಟಲಿನ ಪ್ರಸಂಗಗಳು ಒಂದರ ಹಿಂದೊಂದು ಒದಗುತ್ತಲೇ ಇರುತ್ತವೆ. ನಮಗೆ ತಿಂಗಳಿಗೆ ಒಂದಾದರೂ ತಪ್ಪಲಿಲ್ಲ. ಲೆಕ್ಕದ ಪುಸ್ತಕ ಈಗಲೂ ನನ್ನ ಹತ್ತಿರ ಇರುವುದರಿಂದ, ಇಲ್ಲಿ ಬರೆಯುವ ಅಂಕಿಗಳಿಗೆ ನಾನೇ ಜವಾಬ್ದಾರಳು.

೧. ಒಂದೇ ಸಾಲಿನ ಬಜೆಟ್

ಯಜಮಾನರು ಹಿರೇಹಳ್ಳಿಯ ಒಂದು ತಕ್ಕಡಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ತೊಂಬತ್ತೆಂಟರಲ್ಲಿ ಅದನ್ನು ಬಿಟ್ಟು, ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ರಿಪೇರಿ ಮಾಡುವ ಸ್ವಂತ ಕಸುಬು ಹಿಡಿದರು. ವಾರದಲ್ಲಿ ಐದು ದಿನ ಗುಬ್ಬಿ, ನಿಟ್ಟೂರು, ಕುಣಿಗಲ್ ಎಂದು ಸುತ್ತಾಟ. ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಬಾಡಿಗೆ ಮನೆಗೆ ತಿಂಗಳಿಗೆ ಸಾವಿರದ ನೂರು ರೂಪಾಯಿ. ಹಿರೇಹಳ್ಳಿ ಕಡೆ ಒಂದು ಸೈಟು ನೋಡಿಟ್ಟಿದ್ದೆವು. ಅದರ ಮುಂಗಡಕ್ಕೆ ದುಡ್ಡು ಸೇರುತ್ತಿರಲಿಲ್ಲ. ಹೀಗಿರುವಾಗ ಶಾಲೆಯ ಮಕ್ಕಳನ್ನು ಸಾಗಿಸುತ್ತಿದ್ದ ಹಳದಿ ಬಣ್ಣದ ಹಳೆಯ ವ್ಯಾನೊಂದು ಅಗ್ಗದಲ್ಲಿ ಬಂತು. ಅದರಲ್ಲೇ ಮಂಚ, ಸ್ಟೌ, ನೀರಿನ ಡ್ರಮ್ಮು ಇಟ್ಟುಕೊಂಡು ವಾಸ ಮಾಡುವುದೆಂದು ಅವರು ತೀರ್ಮಾನಿಸಿದರು.

"ಬಜೆಟ್ ಎಲ್ಲಿ?" ಎಂದೆ. ನಾನು ಬಿ.ಕಾಂ. ಓದಿದವಳು.

ಅವರು ಒಂದು ಹಾಳೆ ಕೊಟ್ಟರು. ಅದರಲ್ಲಿ ಇದ್ದದ್ದು ಒಂದೇ ಸಾಲು: "ಬಾಡಿಗೆ – ಇಲ್ಲ." ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ಮನೇಲೂ ಇತ್ತಲ್ಲ, ಇಲ್ಲೂ ಇರುತ್ತೆ."

ನಾನು ಹೊಸ ಪುಸ್ತಕ ತಂದು ಹತ್ತೊಂಬತ್ತು ಸಾಲುಗಳ ಪಟ್ಟಿ ಮಾಡಿದೆ. ಅವರ ಬಾಡಿಗೆಯ ಸಾಲು ಮೊದಲು, ಆಮೇಲೆ ಡೀಸೆಲ್, ಟೈರಿನ ಸವೆತ, ವಿಮೆಯ ತಿಂಗಳ ಪಾಲು, ಸೀಮೆಎಣ್ಣೆ, ನೀರು, ದಿನಸಿ, ಹೀಗೆ. ಕೊನೆಯ ಸಾಲು "ಇತರೆ". ಮನೆಯಲ್ಲಿದ್ದಾಗ ತಿಂಗಳಿಗೆ ಎಲ್ಲ ಸೇರಿ ಮೂರು ಸಾವಿರದ ನಾಲ್ಕುನೂರು ರೂಪಾಯಿ ಆಗುತ್ತಿತ್ತು. ವ್ಯಾನಿನ ಖರ್ಚು ಸತತವಾಗಿ ಮೂರು ತಿಂಗಳು ಆ ಮೊತ್ತವನ್ನು ದಾಟಿದರೆ ವ್ಯಾನು ಮಾರಿ ಮತ್ತೆ ಬಾಡಿಗೆ ಮನೆಗೆ ಬರುವುದೆಂದು ಮೊದಲ ಪುಟದಲ್ಲಿ ಬರೆದು ಸಹಿ ಹಾಕಿಸಿಕೊಂಡೆ. ಸಹಿ ಹಾಕುತ್ತ ಅವರು, "ನಿಮ್ಮ ತಾತನ ಹತ್ರ ಅಜ್ಜಿ ಹಿಂಗೆ ಸಹಿ ತಗೊಂಡಿದ್ರಾ?" ಎಂದರು. ಅಜ್ಜಿಗೆ ಓದು ಬರುತ್ತಿರಲಿಲ್ಲವೆಂದು ನಾನು ತಿಳಿಸಿದೆ.

"ಅದಕ್ಕೇ ಹನ್ನೆರಡು ವರ್ಷ ನಡೀತು" ಎಂದರು.

೨. ಕುಡಿದು ತೀರಿಸಿದ ಬಾಡಿಗೆ

ಮೊದಲ ತಿಂಗಳು ಮುಗಿದಾಗ ಮೊತ್ತ ಮೂರು ಸಾವಿರದ ಆರುನೂರ ಹತ್ತು. ಅಂದರೆ ಇನ್ನೂರ ಹತ್ತು ರೂಪಾಯಿ ಹೆಚ್ಚು. ಎಲ್ಲ ಸಾಲುಗಳೂ ಅಂದಾಜಿನೊಳಗೇ ಇದ್ದವು, "ಇತರೆ" ಒಂದನ್ನು ಬಿಟ್ಟು. ಅದು ಒಂಬೈನೂರ ಎಂಬತ್ತು.

"ಇತರೆ ಅಂದ್ರೆ ಏನು?" ಎಂದು ಯಜಮಾನರು ಕೇಳಿದರು.

"ಕಾಫಿ."

"ಒಂಬೈನೂರ ಎಂಬತ್ತು ರೂಪಾಯಿ ಕಾಫಿ ಯಾರು ಕುಡಿದ್ರು?"

"ನಾವಿಬ್ಬರೇ. ಜೊತೆಗೆ ವಡೆ."

ನಡೆದದ್ದು ಇಷ್ಟು. ನಿಟ್ಟೂರಿನಲ್ಲಿ ರೈಲು ಗೇಟಿಗೆ ಸಮೀಪ, ಹುಣಸೆಮರದ ನೆರಳಿನಲ್ಲಿ ಒಂದು ಸಣ್ಣ ಹೋಟೆಲಿತ್ತು. ನೆರಳು ಪುಕ್ಕಟೆ, ಹಿಂದೆ ನಲ್ಲಿಯಿತ್ತು, ಶೌಚಾಲಯವಿತ್ತು. ಹೋಟೆಲಿನ ಮುಂದೆ ವ್ಯಾನು ನಿಲ್ಲಿಸಿ, ಅವರ ನೀರು ಹಿಡಿದುಕೊಂಡು, ಏನನ್ನೂ ಕೊಳ್ಳದೆ ಕುಳಿತುಕೊಳ್ಳಲು ಮುಖ ಎಲ್ಲಿರುತ್ತದೆ? ಒಂದು ಕಾಫಿ ಹೇಳಿದೆವು. ಒಂದು ಗಂಟೆಯ ಮೇಲೆ ಹೋಟೆಲಿನವರು ಬಂದು ವ್ಯಾನಿನ ಬಾಗಿಲಿಗೆ ಒರಗಿ ನಿಂತು, ಬಹಳ ಸಂಕೋಚದಿಂದ, "ಅಣ್ಣ, ಬೇಜಾರ್ ಮಾಡ್ಕೋಬ್ಯಾಡಿ. ನೀವು ಇನ್ನೊಂದ್ ಕಾಫಿ ಕುಡ್ಯಾದಾದ್ರೆ ಕುಡೀರಿ. ಇಲ್ಲಾಂದ್ರೆ ಆ ನೆಳ್ಳು ಲಾರಿಯೋರ್ಗೆ ಬೇಕಾಗೈತೆ" ಎಂದರು.

ಕುಡಿದೆವು. ಕುಣಿಗಲ್ಲಿನಲ್ಲಿ ಬಸ್ ನಿಲ್ದಾಣದ ಹಿಂದೆಯೂ ಇದೇ ವ್ಯವಸ್ಥೆ, ಗುಬ್ಬಿಯ ಪೇಟೆಬೀದಿಯಲ್ಲಿಯೂ ಇದೇ. ದಿನಕ್ಕೆ ಮೂರು ಕಡೆ ನೆರಳು, ಮೂರು ಕಡೆಯೂ ಇಬ್ಬರಿಗೆ ಕಾಫಿ. ನನಗೆ ಕಾಫಿಯ ಅಭ್ಯಾಸವೇ ಇರಲಿಲ್ಲ. ತಿಂಗಳ ಕೊನೆಗೆ ಎದೆಯುರಿಗೆ ಕೊಂಡ ಮಾತ್ರೆಯನ್ನು ಔಷಧದ ಸಾಲಿನಲ್ಲಿ ಬರೆದಿದ್ದೆ. ನ್ಯಾಯವಾಗಿ ಅದೂ "ಇತರೆ"ಗೆ ಸೇರಬೇಕಾದದ್ದು.

ನಾನು ಸದಾಶಿವನಗರದ ಬಾಡಿಗೆಯ ಪಕ್ಕದಲ್ಲಿ ಈ ಮೊತ್ತವನ್ನು ಬರೆದು ತೋರಿಸಿದೆ. ಯಜಮಾನರು ಎರಡು ಮೊತ್ತಗಳ ಮೇಲೂ ಬೆರಳಿಟ್ಟು ನೋಡಿದರು.

"ಅಂದ್ರೆ ನಾವು ಬಾಡಿಗೆ ಕೊಡ್ತಾನೇ ಇದೀವಿ."

"ಕೊಡುತ್ತಿದ್ದೇವೆ. ಆದರೆ ಆ ಮನೆಯವರು ಬಾಡಿಗೆಯ ಜೊತೆ ನಿದ್ದೆ ಕೆಡಿಸುತ್ತಿರಲಿಲ್ಲ."

೩. ಒಂದು ದಿನದ ಆದಾಯ

ಹಳದಿ ಬಣ್ಣ ಬದಲಾಯಿಸಲು ಪೇಂಟರು ಹೇಳಿದ ದರ ಬಜೆಟ್ಟಿನಲ್ಲಿರಲಿಲ್ಲ. ಹಾಗಾಗಿ ಬಿಟ್ಟೆವು.

ಎರಡನೆಯ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ಹಳೆಯ ಮನೆಗೆ ಬಂದಿದ್ದ ಕಾಗದಗಳನ್ನು ತೆಗೆದುಕೊಳ್ಳಲು ಸದಾಶಿವನಗರಕ್ಕೆ ಹೋಗಿ ರಸ್ತೆಬದಿಯಲ್ಲಿ ವ್ಯಾನು ನಿಲ್ಲಿಸಿ ಹಾಲು ಕಾಯಿಸುತ್ತಿದ್ದೆ. ಪಕ್ಕದ ಬಾಗಿಲು ಸರಕ್ಕನೆ ತೆರೆಯಿತು. ಎರಡು ಜಡೆ ಹಾಕಿದ ಒಂದು ಪುಟ್ಟ ಹುಡುಗಿ ಒಳಗೆ ಬಂತು. ಅದರ ಹಿಂದೆ ಬ್ಯಾಗು. ಬ್ಯಾಗಿನ ಹಿಂದೆ ಒಂದು ಕೈ, ಅದರಲ್ಲಿ ನೂರ ಇಪ್ಪತ್ತು ರೂಪಾಯಿ.

"ಈ ತಿಂಗಳ ಫೀಸು. ಹೋದ ತಿಂಗಳು ಎರಡು ದಿನ ವ್ಯಾನ್ ಬರ್ಲಿಲ್ಲ, ಆದ್ರೂ ಪೂರ್ತಿ ಕೊಟ್ಟಿದೀನಿ, ನೆನಪಿರ್ಲಿ" ಎಂದು ಕೈಯ ಒಡತಿ ಹೊರಗಿನಿಂದಲೇ ಹೇಳಿದರು.

"ಅಮ್ಮ, ಇಲ್ಲಿ ಆಂಟಿ ಹಾಲ್ ಕಾಯಿಸ್ತಿದಾರೆ" ಎಂದಿತು ಮಗು.

"ಕಾಯಿಸ್ಲಿ, ಕೂತ್ಕೊಳೇ. ಲೇಟಾಗುತ್ತೆ."

ನಾನು ದುಡ್ಡನ್ನು ಹಿಂದಿರುಗಿಸಿ, ಇದು ಶಾಲೆಯ ವ್ಯಾನಲ್ಲ, ನಮ್ಮ ಮನೆ ಎಂದು ವಿವರಿಸಿದೆ. ಆ ತಾಯಿ ತಲೆ ಒಳಗೆ ಹಾಕಿ ಮಂಚ, ಸ್ಟೌ, ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರು ಎಲ್ಲವನ್ನೂ ನಿಧಾನವಾಗಿ ನೋಡಿದರು. ಆಮೇಲೆ ಮುಂದಿನ ಸೀಟಿನಲ್ಲಿದ್ದ ಯಜಮಾನರ ಕಡೆ ತಿರುಗಿ ಕೇಳಿದರು:

"ಮನೇನಾ ಇದು? ಸರಿ ಬಿಡಿ. ನಿಮ್ಮನೆ ಈಗ ಸ್ಕೂಲ್ ಕಡೆ ಏನಾದ್ರೂ ಹೋಗುತ್ತಾ?"

ಹೋಯಿತು. ಎರಡು ಕಿಲೋಮೀಟರಿನ ಡೀಸೆಲ್ಲನ್ನು ನಾನು "ಇತರೆ"ಯಲ್ಲಿ ಬರೆದುಕೊಂಡೆ.

೪. ಡೀಸೆಲ್ಲಿನ ಮಿಕ್ಸಿ

ಎರಡನೆಯ ತಿಂಗಳು ಕಾಫಿಯನ್ನು ದಿನಕ್ಕೆ ಒಂದಕ್ಕೆ ಇಳಿಸಿದೆವು. ಆದರೂ ಮೊತ್ತ ಮೂರು ಸಾವಿರದ ಏಳುನೂರ ನಲವತ್ತೈದಕ್ಕೆ ಏರಿತು. ಈ ಸಲ ಕೆಟ್ಟದ್ದು ಡೀಸೆಲ್. ಲೀಟರಿಗೆ ಹತ್ತು ಕಿಲೋಮೀಟರು ಓಡಬೇಕಾದ ವ್ಯಾನು ಏಳೂವರೆ ಓಡುತ್ತಿತ್ತು.

"ಭಾರ ಜಾಸ್ತಿಯಾಗಿದೆ. ನಿಮ್ಮ ತೂಕದ ಕಲ್ಲುಗಳನ್ನು ಅರ್ಧ ಕಡಿಮೆ ಮಾಡಿ" ಎಂದೆ. ತಕ್ಕಡಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅವರು ಇಪ್ಪತ್ತು ಕಿಲೋದ ಎಂಟು ಕಬ್ಬಿಣದ ಕಲ್ಲುಗಳನ್ನು ಹೊತ್ತು ತಿರುಗುತ್ತಿದ್ದರು.

"ಅದು ನನ್ನ ಅನ್ನ. ಬೇರೆ ಏನೋ ಇದೆ. ತೂಕ ಹಾಕಿಸೋಣ" ಎಂದರು.

ಹಿರೇಹಳ್ಳಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ನಿರ್ವಾಹಕರು ಅವರಿಗೆ ಪರಿಚಯ. ವ್ಯಾನನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ, ಒಂದೊಂದೇ ಸಾಮಾನು ಇಳಿಸಿ, ಪ್ರತಿ ಸಲವೂ ತೂಕ ಓದುವುದೆಂದು ನಿಶ್ಚಯವಾಯಿತು. ನಾನು ಪುಸ್ತಕ ಹಿಡಿದು ಬರೆಯುತ್ತ ನಿಂತೆ. ಹಾಸಿಗೆ ಇಳಿಯಿತು, ಪಾತ್ರೆಯ ಪೆಟ್ಟಿಗೆ ಇಳಿಯಿತು. ಮುಳ್ಳು ಹೆಚ್ಚೇನೂ ಅಲುಗಾಡಲಿಲ್ಲ. ಕೊನೆಗೆ ಯಜಮಾನರೂ ಇನ್ನೊಬ್ಬರೂ ಸೇರಿ ಮಂಚದ ಕೆಳಗಿನಿಂದ ಗೋಣಿಚೀಲ ಸುತ್ತಿದ ಒಂದು ವಸ್ತುವನ್ನು ಉಸಿರು ಬಿಡುತ್ತ ಎಳೆದರು. ಅದು ಇಳಿದಾಗ ಎಪ್ಪತ್ತೈದು ಕಿಲೋ ಕಡಿಮೆಯಾಯಿತು.

ಅದು ನನ್ನ ಒರಳುಕಲ್ಲು. ತವರಿನಿಂದ ಬಂದದ್ದು. ವ್ಯಾನಿನಲ್ಲಿ ಕರೆಂಟಿಲ್ಲ, ಮಿಕ್ಸಿ ನಡೆಯುವುದಿಲ್ಲ ಎಂಬ ಕಾರಣಕ್ಕೆ ನಾನೇ ಹತ್ತಿಸಿದ್ದೆ. ಪುಸ್ತಕದಲ್ಲಿ ಅದನ್ನು "ಅಡಿಗೆ ಸಾಮಾನು, ಖರ್ಚಿಲ್ಲ" ಎಂದು ನಮೂದಿಸಿದ್ದೆ. ಎರಡು ತಿಂಗಳಲ್ಲಿ ಅದರಲ್ಲಿ ಚಟ್ನಿ ರುಬ್ಬಿದ್ದು ನಾಲ್ಕು ಸಲ.

ಯಜಮಾನರು ತೂಕದ ಕಲ್ಲುಗಳ ಮಾತನ್ನೇ ಎತ್ತದೆ ಗೋಣಿಚೀಲ ಮಡಿಸತೊಡಗಿದರು. ಅದು ಅವರ ದೊಡ್ಡತನ. ವೇಬ್ರಿಡ್ಜಿನ ನಿರ್ವಾಹಕರು ಮಾತ್ರ ಕಲ್ಲಿನ ಸುತ್ತ ಒಮ್ಮೆ ಬಂದು, "ಅಕ್ಕ, ಲೀಟರ್‌ಗೆ ಎರಡು ಚಟ್ನಿ ಕೊಡೋ ಮಿಕ್ಸಿ ಇಟ್ಕೊಂಡಿದೀರ" ಎಂದರು.

೫. ಹದಿನೈದು ಅಡಿಯ ಪ್ರಯಾಣ

ಮೂರನೆಯ ತಿಂಗಳು ನಿರ್ಣಾಯಕವಾಗಿತ್ತು. ಈ ತಿಂಗಳೂ ಮೀರಿದರೆ ವ್ಯಾನು ಮಾರಬೇಕು. ನಿಯಮ ಮಾಡಿದವಳು ನಾನೇ. ಆದರೆ ಅಷ್ಟರಲ್ಲಿ ನನಗೊಂದು ತೊಡಕು ಉಂಟಾಗಿತ್ತು: ವ್ಯಾನು ನನಗೆ ಇಷ್ಟವಾಗತೊಡಗಿತ್ತು. ಬೆಳಿಗ್ಗೆ ಹಿಂದಿನ ಬಾಗಿಲು ತೆರೆದರೆ ಒಂದು ದಿನ ಕುಣಿಗಲ್ ಕೆರೆಯ ಏರಿ, ಇನ್ನೊಂದು ದಿನ ನಿಟ್ಟೂರಿನ ರೈಲು. ಕಸ ಗುಡಿಸಲು ಎರಡು ನಿಮಿಷ ಸಾಕು. ಇದಕ್ಕೆ ಯಾವ ಸಾಲಿನಲ್ಲಿಯೂ ಬೆಲೆ ಬರೆಯಲಾಗುವುದಿಲ್ಲ. ನಾನು ಅದನ್ನು ಯಜಮಾನರಿಗೂ ಹೇಳಲಿಲ್ಲ.

ಖರ್ಚು ಇಳಿಸಲು ಗುಬ್ಬಿಯಲ್ಲಿ, ನನಗೆ ತವರಿನಂತೆಯೇ ಇದ್ದ ಸೋದರಮಾವನ ಅಂಗಳದಲ್ಲಿ ಬೀಡುಬಿಟ್ಟೆವು. ಒರಳುಕಲ್ಲನ್ನು ಅವರ ಹಿತ್ತಿಲಿನಲ್ಲಿ ಇಳಿಸಿದೆವು. ಕಾಫಿಯ ಸಾಲಿನಲ್ಲಿ ಸೊನ್ನೆ ಬಂತು. ಆದರೆ ಮೊದಲ ದಿನ ನಿಟ್ಟೂರಿಗೆ ಹೊರಡಲು ವ್ಯಾನು ಚಾಲೂ ಮಾಡಿದೊಡನೆ ಒಳಗಿನಿಂದ ಮಾವನ ಹೆಂಡತಿ, ನನ್ನ ಅತ್ತೆ, ಓಡಿಬಂದರು.

"ಇರವ್ವ, ಇರು. ಮನೆ ಮಗ್ಳು ಬರೀ ಮಡ್ಲಲ್ಲಿ ಹೊಂಟೋಗಾದಾ?"

ಮಣೆಯ ಮೇಲೆ ಕೂರಿಸಿ ಮಡಿಲಕ್ಕಿ ಕಟ್ಟಿದರು: ಒಂದು ಸೇರು ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ, ಒಂದು ಬ್ಲೌಸ್ ಪೀಸು. ಸಂಜೆ ಹಿಂದಿರುಗಿದೆವು. ಎರಡು ದಿನ ಬಿಟ್ಟು ಕುಣಿಗಲ್ಲಿಗೆ ಹೊರಟೆವು. ಅತ್ತೆ ಮತ್ತೆ ಬಂದರು.

"ಅತ್ತೆ, ಸಂಜೆಗೆ ಬರುತ್ತೇವಲ್ಲ."

"ನೀನು ಬರ್ತೀಯ ಕಣವ್ವ. ಇಲ್ಲೇ ಇದ್ರೆ ಬ್ಯಾರೆ ಮಾತು. ಗಂಡನ್ ಮನೆಗೆ ಹೊಂಟ್ಯಾ ಇಲ್ವಾ, ಅಷ್ಟ್ ಹೇಳು."

ಗಂಡನ ಮನೆ ವ್ಯಾನೇ ಆಗಿದ್ದರಿಂದ, ಅದರೊಳಗೆ ಹತ್ತಿದ ಪ್ರತಿ ಸಲವೂ ನಾನು ಗಂಡನ ಮನೆಗೆ ಹೊರಟಂತೆಯೇ. ಆ ತಿಂಗಳು ಹನ್ನೆರಡು ಸಲ ಹೊರಟೆ. ಹನ್ನೆರಡು ಸೇರು ಅಕ್ಕಿ ಬಂತು.

ಸಂಪ್ರದಾಯ ಒಂದೇ ದಿಕ್ಕಿನಲ್ಲಿ ನಡೆಯುವುದಿಲ್ಲ. ಸಂಜೆ ಅತ್ತೆ ಮಾತಾಡಲು ವ್ಯಾನಿಗೆ ಬರುತ್ತಿದ್ದರು. ಮನೆಗೆ ಬಂದ ಮುತ್ತೈದೆಯನ್ನು ಅರಿಶಿನ ಕುಂಕುಮ, ಬ್ಲೌಸ್ ಪೀಸು ಕೊಡದೆ ಕಳಿಸುವಂತಿಲ್ಲ. ನನ್ನಲ್ಲಿ ಇದ್ದದ್ದು ಅವರೇ ಕೊಟ್ಟವು, ಕೊಟ್ಟೆ. ಎರಡು ದಿನ ಬಿಟ್ಟು ಅವರು ಅದನ್ನೇ ಮಡಿಲಿಗೆ ಹಾಕಿದರು. ಅನುಮಾನ ಬಂದು ನಾನು ಒಂದು ಹಸಿರು ಬ್ಲೌಸ್ ಪೀಸಿನ ಅಂಚಿಗೆ ಬಿಳಿ ದಾರದಲ್ಲಿ ಒಂದು ಹೊಲಿಗೆ ಹಾಕಿಟ್ಟೆ. ಜಗಲಿಗೂ ವ್ಯಾನಿಗೂ ನಡುವೆ ಹದಿನೈದು ಅಡಿ. ಹಸಿರು ಬ್ಲೌಸ್ ಪೀಸು ಆ ಹದಿನೈದು ಅಡಿಯಲ್ಲಿ ಒಂಬತ್ತು ಸಲ ಓಡಾಡಿತು.

ತಿಂಗಳ ಕೊನೆಗೆ ಮಾವ ಯಜಮಾನರನ್ನು ಪಕ್ಕಕ್ಕೆ ಕರೆದರು. "ಅಳಿಯಂದ್ರೆ, ತಪ್ಪು ತಿಳ್ಕೋಬ್ಯಾಡಿ. ಇರೋದಾದ್ರೆ ವರ್ಷಗಟ್ಲೆ ಇರಿ. ಆದ್ರೆ ಹೊರಡೋದ್ ಮಾತ್ರ ನಿಲ್ಲಿಸ್ಬುಡಿ."

೬. ಹನ್ನೆರಡು ರೂಪಾಯಿ

ಮೂರನೆಯ ತಿಂಗಳ ಲೆಕ್ಕವನ್ನು ಮಾವನ ಜಗಲಿಯ ಮೇಲೆ ಕುಳಿತು ಕೂಡಿದೆ. ಯಜಮಾನರು ಎದುರಿಗೆ ಕುಳಿತು ಒಂದು ತಕ್ಕಡಿಯ ಮುಳ್ಳನ್ನು ಉಜ್ಜುತ್ತಿದ್ದರು. ಅದು ಆಗಲೇ ಹೊಳೆಯುತ್ತಿತ್ತು. ಮೊತ್ತ ಮೂರು ಸಾವಿರದ ಮುನ್ನೂರ ಎಂಬತ್ತೆಂಟು. ಮಿತಿಗಿಂತ ಹನ್ನೆರಡು ರೂಪಾಯಿ ಕಡಿಮೆ.

"ಉಳೀತು" ಎಂದರು ಅವರು.

"ಇನ್ನೂ ಇಲ್ಲ. ಮಡಿಲಕ್ಕಿಯ ಅಕ್ಕಿಗೆ ಬೆಲೆ ಹಾಕಿಲ್ಲ. ಹನ್ನೆರಡು ಸೇರಿಗೆ ನೂರ ನಲವತ್ನಾಲ್ಕು ರೂಪಾಯಿ. ಅದನ್ನು ನಾವು ಉಂಡಿದ್ದೇವೆ. ಸೇರಿಸಿದರೆ ಮೀರುತ್ತದೆ."

ಅವರು ಮುಳ್ಳು ಉಜ್ಜುವುದನ್ನು ನಿಲ್ಲಿಸಿದರು. ಒಳಗಿನಿಂದ ಮಾವ, "ನಮ್ ಚಿಕ್ಕಪ್ಪ ಹನ್ನೆರಡು ವರ್ಷ..." ಎಂದು ಶುರುಮಾಡಿದರು. ಅತ್ತೆ ಅವರನ್ನು ಸುಮ್ಮನಾಗಿಸಿದರು.

ನಾನು ಪೆನ್ನು ಹಿಡಿದೆ. ಕಾಲೇಜಿನಲ್ಲಿ ಕಲಿತ ಪ್ರಕಾರ, ವಸ್ತುವಿನ ರೂಪದಲ್ಲಿ ಬಂದದ್ದಕ್ಕೂ ಬೆಲೆ ಕಟ್ಟಬೇಕು. ಕೊನೆಗೆ ಷರಾ ಎಂಬ ಕಾಲಂನಲ್ಲಿ ಹೀಗೆ ಬರೆದೆ: "ಮಡಿಲಿಗೆ ಬಿದ್ದ ಅಕ್ಕಿಗೆ ಬೆಲೆ ಕಟ್ಟಬಾರದೆಂದು ಹಿರಿಯರ ಹೇಳಿಕೆ. ಆದ್ದರಿಂದ ಸೇರಿಸಿಲ್ಲ."

ಯಜಮಾನರು ಅದನ್ನು ಎರಡು ಸಲ ಓದಿ ತಲೆಯೆತ್ತಿದರು. "ಹಿರಿಯರು ಹೇಳಿದ್ದನ್ನೆಲ್ಲ ನೀನು ಯಾವಾಗಿಂದ ನಂಬೋಕೆ ಶುರುಮಾಡಿದೆ?"

"ಈ ತಿಂಗಳಿಗೆ ಮಾತ್ರ" ಎಂದೆ.

೭. ಕಲ್ಲಿನ ವಸತಿ

ಮಾವನ ಅಕ್ಕಿಮೂಟೆ ಉಳಿಯಬೇಕಾದರೆ ನಾವು ಅಂಗಳ ಬಿಡಬೇಕಿತ್ತು. ಅಂಗಳ ಬಿಟ್ಟರೆ ಒರಳುಕಲ್ಲನ್ನೂ ಒಯ್ಯಬೇಕು. ತವರಿನಿಂದ ಕೊಟ್ಟ ಕಲ್ಲು ತವರಿಗೆ ಹಿಂದಿರುಗುವುದು ಒಳ್ಳೆಯದಲ್ಲವೆಂದು ಅತ್ತೆ ತಿಂಗಳಿಡೀ ಅದನ್ನು ಕಂಡಾಗಲೆಲ್ಲ ಹೇಳುತ್ತಿದ್ದರು. ವ್ಯಾನಿಗೆ ಹತ್ತಿಸಿದರೆ ಡೀಸೆಲ್ ಏರುತ್ತದೆ.

ಗುಬ್ಬಿಯ ಪೇಟೆಯ ಹಿಂದೆ, ಎಂಬತ್ತು ದಾಟಿದ ಒಬ್ಬ ಅಜ್ಜಿಯ ಅಂಗಳದಲ್ಲಿ ಹಳೆಯ ಒಂಟಿ ಕೋಣೆಯೊಂದು ಖಾಲಿ ಇತ್ತು. ಬಾಡಿಗೆ ನೂರೈವತ್ತು, ಅಂಗಳದಲ್ಲಿ ವ್ಯಾನು ನಿಲ್ಲಿಸಿಕೊಳ್ಳಬಹುದು, ನೀರು, ಶೌಚಾಲಯ ಅದರಲ್ಲೇ ಸೇರಿದೆ. ಲೆಕ್ಕ ಹಾಕಿದೆ. ಒರಳುಕಲ್ಲನ್ನೂ ತೂಕದ ಕಲ್ಲುಗಳಲ್ಲಿ ಅರ್ಧವನ್ನೂ ಅಲ್ಲಿಟ್ಟರೆ ಡೀಸೆಲ್ಲಿನಲ್ಲಿ ಇನ್ನೂರ ಹತ್ತು ರೂಪಾಯಿ ಉಳಿಯುತ್ತದೆ. ನೂರೈವತ್ತು ಕೊಟ್ಟು ಇನ್ನೂರ ಹತ್ತು ಉಳಿಸುವುದರಲ್ಲಿ ಚರ್ಚೆಗೆ ಏನೂ ಇರಲಿಲ್ಲ.

ಆದರೆ ಯಜಮಾನರ ಮುಖ ಸಣ್ಣದಾಯಿತು.

"ಹತ್ತೊಂಬತ್ತು ಸಾಲಲ್ಲಿ ಒಂದೇ ಒಂದು ಸಾಲು ನಾನು ಹೇಳಿದ ಹಾಗಿತ್ತು. ಈಗ ಅದರಲ್ಲೂ ಬಾಡಿಗೆ ಅಂತ ಬರೀತೀಯ."

"ಬಾಡಿಗೆಯನ್ನು ಬಾಡಿಗೆ ಎನ್ನದೆ ಬೇರೆ ಏನೆಂದು ಬರೆಯಲಿ?"

"ನಾವು ಮಲಗೋದು ವ್ಯಾನಲ್ಲಿ. ಕೋಣೇಲಿ ಇರೋದು ಕಲ್ಲು. ಕಲ್ಲಿನ ಹೆಸರಲ್ಲಿ ಬರಿ."

ನ್ಯಾಯವೆನಿಸಿತು. "ಒರಳುಕಲ್ಲಿನ ವಸತಿ – ೧೫೦" ಎಂಬ ಇಪ್ಪತ್ತನೆಯ ಸಾಲು ಸೇರಿತು. ಮಾವನಿಗೆ ಸುದ್ದಿ ಮುಟ್ಟಿದಾಗ ಅವರು ಸಂತೋಷಪಟ್ಟು, "ಬುಡು, ಹಂಗಾರೆ ನೀವೂ ಇನ್ನೂ ಒಂದ್ ಪೈಸೆ ಬಾಡ್ಗೆ ಕೊಟ್ಟಿಲ್ಲ" ಎಂದರು.

೮. ತಾತನ ಬಾಡಿಗೆ

ಹೀಗೆ ಒಂದು ವರ್ಷ ಕಳೆದ ಮೇಲೆ, ಎರಡು ಸಾವಿರದ ಬೇಸಿಗೆಯಲ್ಲಿ, ಜನಗಣತಿಗೆ ಮುನ್ನ ಮನೆಗಳ ಪಟ್ಟಿ ಮಾಡುವ ಕೆಲಸದ ಮೇಲೆ ಒಬ್ಬರು ಶಾಲಾ ಮೇಷ್ಟ್ರು ಅಜ್ಜಿಯ ಅಂಗಳಕ್ಕೆ ಬಂದರು. ಕೈಯಲ್ಲಿ ಉದ್ದನೆಯ ಹಾಳೆ, ಕಂಕುಳಲ್ಲಿ ಕೊಡೆ. ಮೊದಲು ಕೋಣೆಯ ಬಾಗಿಲಿಗೆ ಬಂದರು.

"ಇಲ್ಲಿ ಯಾರಿದೀರಿ?"

"ಒರಳುಕಲ್ಲು" ಎಂದೆ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದರು. "ನೀವೆಲ್ಲಿರ್ತೀರಿ?"

"ವ್ಯಾನಿನಲ್ಲಿ."

ಅವರು ವ್ಯಾನಿನ ಬಳಿಗೆ ಬಂದು ಕೇಳತೊಡಗಿದರು. ಗೋಡೆ ಯಾವುದರದು? ತಗಡು. ಛಾವಣಿ? ತಗಡು. ನೆಲ? ತಗಡು. ಕೋಣೆ ಎಷ್ಟು? ಒಂದು. ಬಾಡಿಗೆಯೋ ಸ್ವಂತವೋ? ಆವರೆಗೆ ಸುಮ್ಮನಿದ್ದ ಯಜಮಾನರು ಮುಂದೆ ಬಂದು, "ಸ್ವಂತ. ಬರ್ಕೊಳ್ಳಿ ಸರ್, ಸ್ವಂತ" ಎಂದರು. ಮೇಷ್ಟ್ರು ಬರೆದುಕೊಂಡು, ಕಿಟಕಿಗಳನ್ನು ಎಣಿಸಿದರು. ಅದು ಪಟ್ಟಿಯಲ್ಲಿ ಇರಲಿಲ್ಲ, ಅವರ ಕುತೂಹಲ ಅಷ್ಟೆ. ಹದಿನಾಲ್ಕು.

"ನನ್ನ ಮನೇಲಿ ಮೂರಿದೆ" ಎಂದು ಹೇಳಿ ನಿಟ್ಟುಸಿರಿಟ್ಟು, ಕೋಣೆಯ ಕಡೆ ಮತ್ತೊಮ್ಮೆ ನೋಡಿದರು. "ಅಲ್ಲಮ್ಮ, ಕಲ್ಲಿಗೆ ಮನೆ ಮಾಡಿಟ್ಟು ಮನುಷ್ಯರು ಗಾಡೀಲಿರೋದು ನಾನೆಲ್ಲೂ ನೋಡ್ಲಿಲ್ಲ."

ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದರು: "ನಾನ್ ನೋಡಿವ್ನಿ ಬುಡಪ್ಪ. ಇವಳ ತಾತಂದೂ ಇದೇ ಕಥೆ. ಇದೇ ಕೋಣೆ."

ಮೇಷ್ಟ್ರು ಹೋದ ಮೇಲೆ ನಾನು ಅಜ್ಜಿಯ ಪಕ್ಕದಲ್ಲಿ ಕುಳಿತೆ. ಏಳನೆಯ ವಯಸ್ಸಿನ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಮಳೆಗಾಲದಲ್ಲಿ ಎತ್ತುಗಳನ್ನು ಎಲ್ಲಿ ಕಟ್ಟುತ್ತಿದ್ದರು?

"ಕೋಣೆ ಗೋಡೇಲಿ ಬಳೆ ಐತಲ್ಲ, ನೋಡಿಲ್ವಾ? ಎತ್ತು ಒಳಗೆ, ಅವರಿಬ್ರು ಅಂಗಳದಲ್ಲಿ, ಗಾಡೀಲಿ. ನಾನಾಗ ಹೊಸದಾಗಿ ಮದುವೆಯಾಗಿ ಬಂದಿದ್ದೆ. 'ಅಣ್ಣ, ಜೋರ್ ಮಳೆ, ಒಳಗೆ ಬನ್ನಿ' ಅಂದ್ರೆ 'ಬ್ಯಾಡ ತಾಯಿ, ಜಾಗ ಇಲ್ಲ, ಎತ್ತು ಮಲಗವೆ' ಅನ್ನೋನು."

ಗೋಡೆಯ ಕಬ್ಬಿಣದ ಬಳೆಗೆ ನಾನು ಒಂದು ವರ್ಷದಿಂದ ಒರೆಸುವ ಬಟ್ಟೆ ನೇತುಹಾಕುತ್ತಿದ್ದೆ.

"ಬಾಡಿಗೆ ಇಸ್ಕೊಳ್ತಿದ್ರಾ?"

"ಇಸ್ಕೊಳ್ದೆ ಬುಡ್ತಾರಾ ನಮ್ಮಾವ? ಪುಸ್ತಕ ಅಟ್ಟದ್ ಮ್ಯಾಲೈತೆ. ಗೆದ್ಲು ಬುಟ್ಟಿದ್ರೆ ನೋಡ್ಕೊ."

ಗೆದ್ದಲು ಬಿಟ್ಟಿತ್ತು. ಒಂದು ಭಾನುವಾರ ಪೂರ್ತಿ ಆ ಪುಸ್ತಕಗಳನ್ನು ನೋಡಿದೆ. ಮರುವಾರ ಇನ್ನೊಮ್ಮೆ ಎಣಿಸಿದೆ. ಇದನ್ನೆಲ್ಲ ಮಾವನಿಗೆ ಹೇಳಬೇಕೆಂದು ಹಲವು ಸಲ ಅಂದುಕೊಂಡೆ. ಆದರೆ ಮರುವರ್ಷ ನಾವು ಹಿರೇಹಳ್ಳಿ ಕಡೆಯ ಸೈಟಿಗೆ ಮುಂಗಡ ಕೊಟ್ಟು, ಅಲ್ಲೊಂದು ಶೆಡ್ಡು ಹಾಕಿ, ವ್ಯಾನನ್ನು ಮಾರಿದ ಮೇಲೆ, ಅವರು ಯಾರದೋ ಮದುವೆಯಲ್ಲಿ, "ನನ್ನ ಸೋದರಸೊಸೆ ಹತ್ತು ವರ್ಷ ವ್ಯಾನಲ್ಲೇ ಸಂಸಾರ ಮಾಡಿ, ಒಂದು ಪೈಸೆ ಬಾಡಿಗೆ ಕೊಡದೆ ಸೈಟು ತಗೊಂಡ್ಳು" ಎನ್ನುತ್ತಿರುವುದನ್ನು ಕೇಳಿಸಿಕೊಂಡೆ. ನನ್ನ ಪುಸ್ತಕದ ಪ್ರಕಾರ ಅದು ಎರಡು ವರ್ಷ ಏಳು ತಿಂಗಳು. ಹತ್ತಿರ ಒಂದು ಏಳು ವರ್ಷದ ಹುಡುಗಿ ಕುಳಿತು ಬಾಯಿ ತೆರೆದು ಕೇಳುತ್ತಿತ್ತು. ಅದು ಪ್ರಶ್ನೆ ಕೇಳಿದರೆ ಉತ್ತರ ಹೇಳೋಣವೆಂದು ಕಾದೆ. ಕೇಳಲಿಲ್ಲ.

ಆದ್ದರಿಂದ ಇಲ್ಲಿ ಬರೆದಿಡುತ್ತೇನೆ. ಗಾಡಿ ತಾತನ ವಾಸ ಹನ್ನೆರಡು ವರ್ಷದ್ದಲ್ಲ. ಕೋಣೆಯ ಅಜ್ಜಿಯ ಮಾವನ ಪುಸ್ತಕದಲ್ಲಿ ಇರುವುದು ಐವತ್ತೊಂದು ತಿಂಗಳು. ಐವತ್ತು ತಿಂಗಳು "ಗಾಡಿಯವನ ಎತ್ತು ಎರಡಕ್ಕೆ ೨ ರೂ." ಎಂದಿದೆ. ಒಂದು ತಿಂಗಳು ಮಾತ್ರ ಒಂದು ರೂಪಾಯಿ. ಪಕ್ಕದಲ್ಲಿ, "ಒಂದು ಎತ್ತು ಮಾರಿದ್ದಾನೆ, ಹೊಸದು ಬರುವ ತನಕ ಅರ್ಧ" ಎಂಬ ಷರಾ ಇದೆ. ತಾತನ ಹೆಸರಿನಲ್ಲಾಗಲೀ ಅವರ ಹೆಂಡತಿಯ ಹೆಸರಿನಲ್ಲಾಗಲೀ ಬಾಡಿಗೆಯೆಂದು ಒಂದು ಪೈಸೆಯೂ ಇಲ್ಲ. ನಾನು ಎರಡು ಸಲ ನೋಡಿದ್ದೇನೆ.